ಪರನೆಲದಲ್ಲಿ ಬೌಲರುಗಳ ಆಯ್ಕೆ

ಕ್ರಿಕೆಟ್ ಮೈದಾನವು ಎಷ್ಟೇ ವಿಶಾಲವಾಗಿದ್ದರೂ ಆಟದ ಜೀವಾಳವು ಅದರ ನಡುವಣ ಒಂದು ಕಿರಿದಾದ ಪಟ್ಟಿಯಲ್ಲಿ ಅಡಗಿರುತ್ತದೆ. 22 ಗಜ ಉದ್ದ, 10 ಅಡಿ ಅಗಲದ ಈ ಪಟ್ಟಿಗೆ ಪಿಚ್ ಎಂದು ಹೆಸರು. ದೂರದಿಂದ ನೋಡುವವರ ಕಣ್ಣಿಗೆ ಅದು ಉರುಳೆಯಿಂದ ಗಟ್ಟಿಗೊಳಿಸಿದ ನೆಲವಾಗಿ ಮಾತ್ರ ಕಾಣುತ್ತದೆ. ಆದರೆ ಟೆಸ್ಟ್ ಪಂದ್ಯದ ಹಿಂದಿನ ದಿನ ತಂಡದ ನಾಯಕನು ಅಲ್ಲಿಗೆ ನಡೆದುಹೋಗಿ, ಬಾಗಿ ಕುಳಿತು, ಅಂಗೈಯಿಂದ ಆ ನೆಲವನ್ನು ಒತ್ತಿ ನೋಡುವುದುಂಟು. ಹುಲ್ಲು ಎಷ್ಟಿದೆ, ಅದರ ಬಣ್ಣ ಯಾವುದು, ಮಣ್ಣಿನೊಳಗೆ ತೇವ ಉಳಿದಿದೆಯೇ, ಎಲ್ಲಿಯಾದರೂ ಬಿರುಕು ಕಾಣುತ್ತಿದೆಯೇ ಎಂದು ಪರೀಕ್ಷಿಸಿ, ತಲೆಯೆತ್ತಿ ಆಕಾಶವನ್ನೂ ನೋಡುತ್ತಾನೆ. ಯಾರ ಕೈಗೆ ಚೆಂಡನ್ನು ಕೊಡಬೇಕೆಂಬುದನ್ನು ಅವನು ಮರುದಿನ ನಾಣ್ಯ ಚಿಮ್ಮುವುದಕ್ಕೆ ಮೊದಲೇ ನಿಶ್ಚಯಿಸಬೇಕಾಗಿರುತ್ತದೆ.

ಈ ನಿಶ್ಚಯ ಸುಲಭವಾದುದಲ್ಲ. ತಂಡದಲ್ಲಿ ಆಡುವವರು ಹನ್ನೊಂದು ಮಂದಿ. ಅವರಲ್ಲಿ ಒಬ್ಬನು ವಿಕೆಟ್ ರಕ್ಷಕ. ಐದಾರು ಮಂದಿ ದಾಂಡಿಗರು. ಉಳಿಯುವ ನಾಲ್ಕೈದು ಸ್ಥಾನಗಳಲ್ಲಿ ಎದುರಾಳಿಗಳ ಇಪ್ಪತ್ತು ವಿಕೆಟ್‌ಗಳನ್ನು ಕೀಳಬಲ್ಲವರನ್ನು ಹೊಂದಿಸಬೇಕು. ಪಟ್ಟಿಯನ್ನು ಒಪ್ಪಿಸಿ ಆಟ ಆರಂಭವಾದ ಮೇಲೆ, ಪಿಚ್ಚು ತಾನು ಊಹಿಸಿದಂತೆ ವರ್ತಿಸಲಿಲ್ಲವೆಂದು ನಾಯಕನು ಒಬ್ಬ ಬೌಲರನ್ನು ಹೊರಗಿಟ್ಟು ಮತ್ತೊಬ್ಬನನ್ನು ಕರೆತರುವಂತಿಲ್ಲ. ಐದು ದಿನವೂ ಆರಿಸಿಕೊಂಡವರೊಡನೆಯೇ ಹೋರಾಟ ನಡೆಯಬೇಕು.

ತವರಿನಲ್ಲಿ ಆಡುವಾಗ ಈ ಕಷ್ಟ ಅಷ್ಟಾಗಿ ಕಾಡುವುದಿಲ್ಲ. ಎರೆಭೂಮಿಯ ರೈತನು ಮಣ್ಣನ್ನು ಹಿಡಿಯಲ್ಲಿ ಹಿಡಿದು ನೋಡಿ ಬಿತ್ತನೆಗೆ ಹದವಾಗಿದೆಯೇ ಇಲ್ಲವೇ ಎಂದು ಹೇಳಬಲ್ಲನು. ಅದೇ ರೈತನನ್ನು ಮಲೆನಾಡಿನ ಗದ್ದೆಯ ಬದುವಿನ ಮೇಲೆ ನಿಲ್ಲಿಸಿದರೆ ಅವನು ಅಲ್ಲಿಯವರನ್ನು ಒಂದು ಮಾತು ಕೇಳದೆ ಬೀಜಕ್ಕೆ ಕೈಹಾಕಲಾರನು. ಪರದೇಶಕ್ಕೆ ಹೋದ ಕ್ರಿಕೆಟ್ ನಾಯಕನ ಸ್ಥಿತಿಯೂ ಹೀಗೆಯೇ. ಜೇಡಿಯ ಅಂಶ ಹೆಚ್ಚಾಗಿರುವ ಮಣ್ಣು ಚೆನ್ನಾಗಿ ಒಣಗಿ ಗಟ್ಟಿಯಾದಾಗ ಚೆಂಡನ್ನು ಎದೆಯೆತ್ತರಕ್ಕೆ ಪುಟಿಸುತ್ತದೆ. ಮೇಲ್ಪದರ ಪುಡಿಯಾಗುವ ಒಣ ನೆಲವು ಚೆಂಡನ್ನು ಹಿಡಿದು ತಿರುಗಿಸುತ್ತದೆ. ಹಸಿರು ಹುಲ್ಲೂ ತೇವವೂ ಇರುವ ಕಡೆ ಚೆಂಡಿನ ಹೊಲಿಗೆ ನೆಲಕ್ಕೆ ತಾಗಿ, ಚೆಂಡು ಎತ್ತ ಹೊರಳುವುದೆಂಬುದು ಎಸೆದವನಿಗೂ ತಿಳಿಯದು. ಮೋಡ ಕವಿದ ದಿನಗಳಲ್ಲಿ ಹೊಸ ಚೆಂಡು ಗಾಳಿಯಲ್ಲಿಯೇ ಹೆಚ್ಚಾಗಿ ಬಾಗುತ್ತದೆಂಬುದು ಇಂಗ್ಲೆಂಡಿನಲ್ಲಿ ಆಡಿದವರ ಅನುಭವ. ಇಷ್ಟು ಸಾಲದೆಂಬಂತೆ, ಒಂದೇ ಪಿಚ್ಚು ಮೊದಲ ದಿನ ಒಂದು ರೀತಿಯಾಗಿಯೂ ಐದನೆಯ ದಿನ ಇನ್ನೊಂದು ರೀತಿಯಾಗಿಯೂ ಇರುತ್ತದೆ. ಬೌಲರುಗಳ ಪಾದರಕ್ಷೆಯ ಮೊಳೆಗಳು ಅಗೆದ ಜಾಗದಲ್ಲಿ ಚೆಂಡು ಬಿದ್ದರೆ ಅದರ ನಡತೆಯೇ ಬೇರೆ.

ಭಾರತವು ತನ್ನ ಮೊದಲ ಟೆಸ್ಟ್ ಪಂದ್ಯವನ್ನು 1932ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಆಡಿದಾಗ ಅದರ ಬಲವಿದ್ದದ್ದು ವೇಗದ ಬೌಲಿಂಗಿನಲ್ಲಿ. ಮೊಹಮ್ಮದ್ ನಿಸಾರ್ ಮತ್ತು ಅಮರ್ ಸಿಂಗ್ ಆ ದಿನ ಇಂಗ್ಲೆಂಡಿನ ಮೊದಲ ಮೂರು ವಿಕೆಟ್‌ಗಳು 19 ರನ್ನುಗಳಾಗುವಷ್ಟರಲ್ಲಿ ಉರುಳುವಂತೆ ಮಾಡಿದ್ದರು. ಅವರ ತರುವಾಯ ಅಂಥ ಜೋಡಿ ಬಹುಕಾಲ ದೊರೆಯಲಿಲ್ಲ. ಭಾರತದ ಪಿಚ್ಚುಗಳು ಬಹುಮಟ್ಟಿಗೆ ಮಂದವಾಗಿದ್ದು ವೇಗದ ಬೌಲರನ ಶ್ರಮಕ್ಕೆ ತಕ್ಕ ಫಲ ಕೊಡುತ್ತಿರಲಿಲ್ಲ. ಚೆಂಡಿನ ಹೊಳಪು ಬೇಗ ಅಳಿಯುತ್ತಿತ್ತು. ಹುಡುಗರು ಸಹಜವಾಗಿಯೇ ಸ್ಪಿನ್ ಕಲೆಯತ್ತ ಒಲಿದರು. 1960ರ ದಶಕದ ಉತ್ತರಾರ್ಧದ ವೇಳೆಗೆ ಭಾರತದಲ್ಲಿ ಏಕಕಾಲಕ್ಕೆ ನಾಲ್ವರು ಶ್ರೇಷ್ಠ ಸ್ಪಿನ್ ಬೌಲರುಗಳು ಇದ್ದರು. ಹೊಸ ಚೆಂಡನ್ನು ಹಿಡಿಯಲು ಮಾತ್ರ ತಕ್ಕವರಿರಲಿಲ್ಲ.

ನಾಲ್ವರಲ್ಲಿ ಇಬ್ಬರು ಕನ್ನಡ ನಾಡಿನವರು. ಬೆಂಗಳೂರಿನ ಎರಪಳ್ಳಿ ಪ್ರಸನ್ನ ಅವರು ಆಫ್‌ಸ್ಪಿನ್ ಬೌಲರು. ಚೆಂಡನ್ನು ದಾಂಡಿಗನ ಕಣ್ಮಟ್ಟಕ್ಕಿಂತ ಮೇಲೆ ತೇಲಿಸಿ, ಅವನು ಮುಂದೆ ಬರುವಂತೆ ಆಸೆ ಹುಟ್ಟಿಸಿ, ಅವನೆಣಿಸಿದುದಕ್ಕಿಂತ ತುಸು ಹಿಂದೆಯೇ ನೆಲಕ್ಕಿಳಿಸುವುದು ಅವರ ಕೌಶಲ. ಮದರಾಸಿನ ಶ್ರೀನಿವಾಸ ವೆಂಕಟರಾಘವನ್ ಅವರೂ ಆಫ್‌ಸ್ಪಿನ್ ಬೌಲರೇ. ಎತ್ತರದ ನಿಲುವಿನ ಇವರು ಚೆಂಡನ್ನು ಹೆಚ್ಚು ತೇಲಿಸದೆ, ತುಸು ಬಿರುಸಾಗಿ, ಒಂದೇ ಗುರಿಗೆ ಬಿಡದೆ ಎಸೆಯುತ್ತಿದ್ದರು. ಇಬ್ಬರೂ ಎಂಜಿನಿಯರಿಂಗ್ ಪದವೀಧರರೆಂಬುದು ಒಂದು ಸ್ವಾರಸ್ಯದ ಸಂಗತಿ. ಅಮೃತಸರದಲ್ಲಿ ಹುಟ್ಟಿದ ಬಿಷನ್ ಸಿಂಗ್ ಬೇಡಿ ಅವರು ಎಡಗೈ ಸ್ಪಿನ್ ಬೌಲರು. ಅವರ ಬೌಲಿಂಗಿನ ಓಘ ಹರಿಯುವ ನೀರಿನಂತೆ ಇರುತ್ತಿತ್ತೆಂದು ನೋಡಿದವರು ಹೇಳುತ್ತಾರೆ.

ನಾಲ್ಕನೆಯವರು ಮೈಸೂರಿನಲ್ಲಿ 1945ರಲ್ಲಿ ಜನಿಸಿದ ಭಾಗವತ್ ಸುಬ್ರಹ್ಮಣ್ಯ ಚಂದ್ರಶೇಖರ್. ಬಾಲ್ಯದಲ್ಲಿಯೇ ಪೋಲಿಯೊ ರೋಗವು ಅವರ ಬಲಗೈಯನ್ನು ಕೃಶಗೊಳಿಸಿತು. ಮೈದಾನದಲ್ಲಿ ಚೆಂಡನ್ನು ಹಿಂದಕ್ಕೆ ಎಸೆಯಲು ಅವರು ಎಡಗೈಯನ್ನು ಬಳಸುತ್ತಿದ್ದರು. ಬೌಲಿಂಗ್ ಮಾಡುತ್ತಿದ್ದುದು ಮಾತ್ರ ಆ ಸೊರಗಿದ ಬಲಗೈಯಿಂದಲೇ. ಅವರು ಲೆಗ್‌ಬ್ರೇಕ್ ಮತ್ತು ಗೂಗ್ಲಿಗಳನ್ನು ಮಧ್ಯಮ ವೇಗದ ಬೌಲರನಷ್ಟೇ ಬಿರುಸಿನಿಂದ ಎಸೆಯುತ್ತಿದ್ದರು. ನೆಲ ಎಷ್ಟು ತಿರುವು ಕೊಡುವುದೆಂದು ಕಾಯುತ್ತ ಕೂರುವ ಬೌಲರು ಅವರಲ್ಲ. ಚೆಂಡು ತಟ್ಟನೆ ಪುಟಿದೆದ್ದು, ಒಳಕ್ಕೋ ಹೊರಕ್ಕೋ ಎಂದು ದಾಂಡಿಗನು ತಿಳಿಯುವಷ್ಟರಲ್ಲಿ ಅವನನ್ನು ದಾಟಿಹೋಗುತ್ತಿತ್ತು. ಆದರೆ ಲಯ ತಪ್ಪಿದ ದಿನ ಅವರ ಓವರುಗಳು ತುಂಬ ದುಬಾರಿಯಾಗುತ್ತಿದ್ದವು. ದಾಂಡು ಹಿಡಿದಾಗ ಅವರಿಂದ ರನ್ನುಗಳನ್ನು ನಿರೀಕ್ಷಿಸುವಂತೆಯೇ ಇರಲಿಲ್ಲ. 58 ಟೆಸ್ಟ್‌ಗಳಲ್ಲಿ ಅವರು ಗಳಿಸಿದ ವಿಕೆಟ್‌ಗಳು 242, ರನ್ನುಗಳು 167 ಎಂಬ ಅಂಕಿಗಳೇ ಇದನ್ನು ಹೇಳುತ್ತವೆ.

ಈ ನಾಲ್ವರೂ ಒಂದೇ ಟೆಸ್ಟಿನಲ್ಲಿ ಜೊತೆಯಾಗಿ ಆಡಿದ್ದು ಒಂದೇ ಒಂದು ಸಲ, 1967ರ ಜುಲೈ ತಿಂಗಳಲ್ಲಿ, ಇಂಗ್ಲೆಂಡಿನ ಎಜ್‌ಬಾಸ್ಟನ್ ಮೈದಾನದಲ್ಲಿ. ನಾಯಕ ಪಟೌಡಿ ಅವರು ಇದ್ದ ಬಲವನ್ನೆಲ್ಲ ಒಟ್ಟಿಗೆ ಕಣಕ್ಕಿಳಿಸಿದರು. ಹಾಗೆ ಮಾಡಿದಾಗ ಹೊಸ ಚೆಂಡು ಎಸೆಯಲು ವೇಗದ ಬೌಲರೇ ಉಳಿಯಲಿಲ್ಲ. ಮೈಸೂರು ತಂಡದ ವಿ. ಸುಬ್ರಹ್ಮಣ್ಯ ಅವರೊಡನೆ, ವಾಸ್ತವವಾಗಿ ವಿಕೆಟ್ ರಕ್ಷಕರಾಗಿದ್ದ ಬುಧಿ ಕುಂದರನ್ ಅವರು ಬೌಲಿಂಗ್ ಆರಂಭಿಸಬೇಕಾಯಿತು. ಸ್ಪಿನ್ ಬೌಲರುಗಳು ಇಂಗ್ಲೆಂಡನ್ನು 298 ಮತ್ತು 203 ರನ್ನುಗಳಿಗೆ ಕಟ್ಟಿಹಾಕಿದರು. ಆದರೆ ಭಾರತದ ದಾಂಡಿಗರು ಮೊದಲ ಇನ್ನಿಂಗ್ಸಿನಲ್ಲಿ 92 ರನ್ನುಗಳಿಗೇ ಕುಸಿದು ತಂಡವು 132 ರನ್ನುಗಳಿಂದ ಸೋತಿತು. ನಾಲ್ಕು ಉತ್ತಮ ಬೌಲರುಗಳನ್ನು ಒಂದೆಡೆ ಸೇರಿಸಿದ ಮಾತ್ರಕ್ಕೆ ಸಮತೋಲದ ದಾಳಿ ಸಿದ್ಧವಾಗುವುದಿಲ್ಲವೆಂಬುದನ್ನು ಆ ಪಂದ್ಯ ತೋರಿಸಿಕೊಟ್ಟಿತು.

ಪರನೆಲದ ಮೊದಲ ಗೆಲವು ಬಂದದ್ದು ಮರುವರ್ಷ ನ್ಯೂಜಿಲೆಂಡಿನಲ್ಲಿ. 1968ರ ಆ ಸರಣಿಯನ್ನು ಭಾರತವು 3-1ರಿಂದ ಗೆದ್ದಿತು. ಪ್ರಸನ್ನ ಅವರೊಬ್ಬರೇ 24 ವಿಕೆಟ್ ಪಡೆದರು. ಆನಂತರ 1971ರ ಆರಂಭದಲ್ಲಿ ಅಜಿತ್ ವಾಡೇಕರ್ ಅವರ ನಾಯಕತ್ವದಲ್ಲಿ ವೆಸ್ಟ್ ಇಂಡೀಸಿಗೆ ಹೋದ ತಂಡವು ಪೋರ್ಟ್ ಆಫ್ ಸ್ಪೇನ್‌ನಲ್ಲಿ ಗೆದ್ದು ಸರಣಿಯನ್ನು ತನ್ನದಾಗಿಸಿಕೊಂಡಿತು. ಆ ಪ್ರವಾಸದಲ್ಲಿ ಬೇಡಿ, ಪ್ರಸನ್ನ, ವೆಂಕಟರಾಘವನ್ ಮೂವರೂ ಇದ್ದರು. ಚಂದ್ರಶೇಖರ್ ಅವರನ್ನು ಆರಿಸಿರಲಿಲ್ಲ. ಸ್ಪಿನ್ ಬೌಲರುಗಳ ನೆರವಿನಿಂದ ಹೊರನಾಡಿನಲ್ಲಿಯೂ ಗೆಲ್ಲಬಹುದೆಂಬ ಧೈರ್ಯದಿಂದ ತಂಡವು ಅದೇ ವರ್ಷದ ಬೇಸಗೆಯಲ್ಲಿ ಇಂಗ್ಲೆಂಡಿಗೆ ಹೊರಟಿತು.

ಆದರೆ ಇಂಗ್ಲೆಂಡಿನ ಮಾತೇ ಬೇರೆ. 1932ರಿಂದ ಅದುವರೆಗೆ ಭಾರತವು ಆ ನೆಲದಲ್ಲಿ 19 ಟೆಸ್ಟ್‌ಗಳನ್ನು ಆಡಿತ್ತು. ಹದಿನೈದರಲ್ಲಿ ಸೋಲು, ನಾಲ್ಕು ಡ್ರಾ; ಗೆಲವೆಂಬುದು ಒಂದೂ ಇರಲಿಲ್ಲ. ರೇ ಇಲ್ಲಿಂಗ್‌ವರ್ತ್ ಅವರ ಇಂಗ್ಲೆಂಡ್ ತಂಡವು ಆಗತಾನೆ ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ ಸೋಲಿಸಿ ಬಂದಿತ್ತು. ಇಂಥ ತಂಡದೆದುರು ವಿಜಯ್ ಮರ್ಚೆಂಟ್ ಅಧ್ಯಕ್ಷರಾಗಿದ್ದ ಆಯ್ಕೆ ಸಮಿತಿಯು ಚಂದ್ರಶೇಖರ್ ಅವರನ್ನು ಮತ್ತೆ ಕರೆಯಿತು. ಇದು ತಿಳಿದೂ ತಿಳಿದೂ ಆಡುವ ಜೂಜು ಎಂಬ ಅರ್ಥದ ಮಾತನ್ನು ಮರ್ಚೆಂಟರೇ ಆಡಿದ್ದರು. ಇನ್ನೊಬ್ಬ ಬೌಲರು ದಿನಕ್ಕೆ ಎರಡು ವಿಕೆಟ್ ಪಡೆದು ರನ್ನುಗಳನ್ನು ತಡೆಯಬಹುದು. ಚಂದ್ರಶೇಖರ್ ಅವರು ಯಾವುದೋ ಒಂದು ಮಧ್ಯಾಹ್ನ ಎರಡು ಗಂಟೆಗಳೊಳಗೆ ಪಂದ್ಯವನ್ನೇ ತಿರುಗಿಸಿಬಿಡಬಹುದು, ಇಲ್ಲವೇ ಏನೂ ದಕ್ಕದೆ ನೂರು ರನ್ನು ಕೊಡಬಹುದು. ಗೆಲ್ಲಲೇಬೇಕೆಂದು ಹೊರಟ ತಂಡಕ್ಕೆ ಇಂಥವನೊಬ್ಬನು ಬೇಕಾಗುತ್ತಾನೆ.

ಉಳಿದ ಪ್ರಶ್ನೆ ಇನ್ನೂ ಕಠಿನವಾದುದು. ಎಡಗೈ ಸ್ಪಿನ್ನಿಗೆ ಬೇಡಿ, ಲೆಗ್‌ಸ್ಪಿನ್ನಿಗೆ ಚಂದ್ರಶೇಖರ್ ಎಂದಾದ ಮೇಲೆ ಆಫ್‌ಸ್ಪಿನ್ನಿಗೆ ಒಂದೇ ಸ್ಥಾನ ಉಳಿಯಿತು. ಅದಕ್ಕೆ ಪ್ರಸನ್ನರೋ, ವೆಂಕಟರಾಘವನ್ನರೋ? ಕೇವಲ ಬೌಲಿಂಗನ್ನೇ ತೂಗಿದರೆ ಪ್ರಸನ್ನರ ತಕ್ಕಡಿಯೇ ತೂಗುತ್ತದೆಂದು ಅಂದು ಭಾವಿಸಿದವರು ಬಹಳ ಮಂದಿ. ಆದರೆ ವೆಂಕಟರಾಘವನ್ ತಂಡದ ಉಪನಾಯಕರಾಗಿದ್ದರು. ವೆಸ್ಟ್ ಇಂಡೀಸಿನಲ್ಲಿ ಹೆಚ್ಚು ವಿಕೆಟ್ ಗಳಿಸಿ ಬಂದಿದ್ದರು. ಹತ್ತಿರದ ಕ್ಷೇತ್ರರಕ್ಷಣೆಯಲ್ಲಿ ನಿಪುಣರು. ದಾಂಡಿನಿಂದಲೂ ಅಷ್ಟಿಷ್ಟು ನೆರವಾಗಬಲ್ಲವರು. ರನ್ನು ಗಳಿಸಲಾರದ ಚಂದ್ರಶೇಖರ್ ಮತ್ತು ಬೇಡಿ ಇಬ್ಬರನ್ನೂ ಆಡಿಸುವುದಾದರೆ ಮೂರನೆಯವನು ಬೌಲಿಂಗಿನ ಜೊತೆಗೆ ಬೇರೇನನ್ನಾದರೂ ತರಬೇಕಾಗಿತ್ತು. ವಾಡೇಕರ್ ಅವರು ವೆಂಕಟರಾಘವನ್ ಅವರನ್ನು ಆರಿಸಿದರು. ಮೂರು ವರ್ಷಗಳ ಹಿಂದೆ ನ್ಯೂಜಿಲೆಂಡಿನಲ್ಲಿ ಭಾರತಕ್ಕೆ ಪರನೆಲದ ಮೊದಲ ಗೆಲವನ್ನು ದೊರಕಿಸಿದ್ದ ಪ್ರಸನ್ನ ಅವರು ಮೂರು ಟೆಸ್ಟ್‌ಗಳಲ್ಲಿ ಒಂದನ್ನೂ ಆಡಲಿಲ್ಲ. ಈ ಆಯ್ಕೆ ಸರಿಯೇ ತಪ್ಪೇ ಎಂಬ ವಾದ ಕ್ರಿಕೆಟ್ ಬಲ್ಲವರಲ್ಲಿ ಇಂದಿಗೂ ಮುಗಿದಿಲ್ಲ. ಹೊಸ ಚೆಂಡಿನ ಬೌಲರಾದ ಹೈದರಾಬಾದಿನ ಗೋವಿಂದರಾಜ್ ಅವರಂತೂ ಆ ವರ್ಷದ ಎರಡೂ ಪ್ರವಾಸಗಳಲ್ಲಿ ತಂಡದೊಡನೆ ತಿರುಗಿ, ಒಂದು ಟೆಸ್ಟನ್ನೂ ಆಡದೆ ಮರಳಿದರು.

ಹೊಸ ಚೆಂಡಿನ ಕೆಲಸವನ್ನು ಅಬಿದ್ ಅಲಿ ಮತ್ತು ಏಕನಾಥ ಸೋಲ್ಕರ್ ಅವರಿಗೆ ವಹಿಸಲಾಯಿತು. ಇವರು ಮಧ್ಯಮ ವೇಗದ ಬೌಲರುಗಳು. ಮೊದಲ ಕೆಲವು ಓವರುಗಳಲ್ಲಿ ಚೆಂಡಿನ ಹೊಳಪನ್ನು ಕಳೆದು ಸ್ಪಿನ್ ಬೌಲರುಗಳ ಕೈಗೆ ಒಪ್ಪಿಸುವುದು ಅವರ ಪಾತ್ರ. ಕಾಗದದ ಮೇಲೆ ಇದು ದುರ್ಬಲವಾದ ಏರ್ಪಾಡಿನಂತೆ ತೋರುತ್ತದೆ. ಆದರೆ ಇಬ್ಬರೂ ದಾಂಡಿಗರಾಗಿ ಉಪಯುಕ್ತರು. ಅದಕ್ಕಿಂತ ಮುಖ್ಯವಾಗಿ ಸೋಲ್ಕರ್ ಅವರು ದಾಂಡಿಗನ ಬಗಲಿನಲ್ಲಿಯೇ, ಶಾರ್ಟ್‌ಲೆಗ್ ಸ್ಥಾನದಲ್ಲಿ, ಶಿರಸ್ತ್ರಾಣವೂ ಇಲ್ಲದ ಆ ಕಾಲದಲ್ಲಿ ನಿರ್ಭಯರಾಗಿ ನಿಲ್ಲುತ್ತಿದ್ದರು. ಸ್ಪಿನ್ ಬೌಲರನ ಅರ್ಧ ವಿಕೆಟ್‌ಗಳು ದಾಂಡಿನ ಅಂಚಿಗೋ ಕೈಗವಸಿಗೋ ತಾಗಿ ಮೇಲೆದ್ದ ಚೆಂಡುಗಳಿಂದ ಬರುತ್ತವೆ. ಅವನ್ನು ಹಿಡಿಯುವವನಿಲ್ಲದಿದ್ದರೆ ಎಷ್ಟು ಒಳ್ಳೆಯ ಎಸೆತವೂ ವ್ಯರ್ಥ. ಬೌಲರುಗಳ ಪಟ್ಟಿಯನ್ನು ಸಿದ್ಧಪಡಿಸುವವರು ಶಾರ್ಟ್‌ಲೆಗ್‌ನಲ್ಲಿ ಯಾರು ನಿಲ್ಲುವರೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಸೂಕ್ಷ್ಮ ವಾಡೇಕರ್ ಅವರಿಗೆ ತಿಳಿದಿತ್ತು.

ಇನ್ನೊಂದು ಅನುಕೂಲವೂ ಒದಗಿತು. ಆ ವರ್ಷ ಇಂಗ್ಲೆಂಡಿನ ಬೇಸಗೆಯ ಮೊದಲ ಭಾಗದಲ್ಲಿ ಪಾಕಿಸ್ತಾನ ತಂಡವು ಆಡಿತು. ಭಾರತದ ಟೆಸ್ಟ್‌ಗಳು ಜುಲೈ ತಿಂಗಳ ಕೊನೆಯ ಭಾಗದಲ್ಲಿ ಆರಂಭವಾದವು. ಮೇ, ಜೂನ್ ತಿಂಗಳುಗಳಲ್ಲಿ ಅಲ್ಲಿಯ ನೆಲದಲ್ಲಿ ಚಳಿಗಾಲದ ತೇವ ಉಳಿದಿದ್ದು ಬೌಲರನ ಬೆರಳುಗಳೇ ಸೆಟೆದುಕೊಳ್ಳುವಷ್ಟು ತಣ್ಣನೆಯ ಗಾಳಿ ಬೀಸುತ್ತಿರುತ್ತದೆ. ಆಗಸ್ಟ್ ಹೊತ್ತಿಗೆ ಪಿಚ್ಚುಗಳು ಒಣಗಿ ಸವೆದಿರುತ್ತವೆ. ಟೆಸ್ಟ್‌ಗಳಿಗೆ ಮೊದಲು ಕೌಂಟಿ ತಂಡಗಳೊಡನೆ ಹಲವು ಪಂದ್ಯಗಳನ್ನು ಆಡಿ ಬೌಲರುಗಳು ಆ ನೆಲದ ಗುಣವನ್ನು ಅರಿತುಕೊಂಡರು. ಅಂಥ ಅಭ್ಯಾಸ ಪಂದ್ಯಗಳು ಇಂದಿನ ಪ್ರವಾಸಗಳಲ್ಲಿ ಬಹಳ ಕಡಮೆಯಾಗಿವೆ.

ಲಾರ್ಡ್ಸ್‌ನಲ್ಲಿ ನಡೆದ ಮೊದಲ ಟೆಸ್ಟಿನಲ್ಲಿ ಭಾರತವು ಗೆಲ್ಲಲು 183 ರನ್ನು ಗಳಿಸಬೇಕಾಗಿದ್ದು, 8 ವಿಕೆಟಿಗೆ 145 ಆಗಿದ್ದಾಗ ಮಳೆ ಆಟವನ್ನು ನಿಲ್ಲಿಸಿತು. ಮಳೆಯಿಂದ ಉಳಿದವರು ಯಾರೆಂದು ಹೇಳುವುದು ಕಷ್ಟ. ಓಲ್ಡ್ ಟ್ರಾಫರ್ಡ್‌ನ ಎರಡನೆಯ ಟೆಸ್ಟಿನಲ್ಲಿ ಉಳಿದವರು ಭಾರತೀಯರು ಎಂಬುದರಲ್ಲಿ ಸಂದೇಹವಿಲ್ಲ. ಅಲ್ಲಿಯೂ ಕೊನೆಯ ದಿನ ಮಳೆಯೇ ಆಡಿತು.

ಮೂರನೆಯ ಟೆಸ್ಟ್ 1971ರ ಆಗಸ್ಟ್ 19ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಆರಂಭವಾಯಿತು. ಇಂಗ್ಲೆಂಡ್ ಮೊದಲ ದಿನವೇ 355 ರನ್ನು ಗಳಿಸಿತು. ಬೇಡಿ, ಚಂದ್ರಶೇಖರ್, ವೆಂಕಟರಾಘವನ್ ಮೂವರೂ ಎರಡೆರಡು ವಿಕೆಟ್ ಪಡೆದರೆ, ಹೊಳಪು ಕಳೆಯುವುದಕ್ಕೆಂದು ಬಂದಿದ್ದ ಸೋಲ್ಕರ್ 28 ರನ್ನಿಗೆ 3 ವಿಕೆಟ್ ಕಿತ್ತರು. ಎರಡನೆಯ ದಿನ ಮಳೆಯಿಂದಾಗಿ ಆಟವೇ ನಡೆಯಲಿಲ್ಲ. ಭಾರತವು 284 ರನ್ನುಗಳಿಗೆ ಆಟ ಮುಗಿಸಿ 71 ರನ್ನುಗಳಷ್ಟು ಹಿಂದುಳಿಯಿತು. ಈ ಇನ್ನಿಂಗ್ಸಿನಲ್ಲಿ ಗಮನಿಸಬೇಕಾದ ಒಂದು ಅಂಶವಿತ್ತು. ಇಂಗ್ಲೆಂಡಿನ ಪರ ಐದು ವಿಕೆಟ್ ಪಡೆದವರು ವೇಗದ ಬೌಲರುಗಳಾದ ಸ್ನೋ, ಪ್ರೈಸ್ ಅವರಲ್ಲ. ಆಫ್‌ಸ್ಪಿನ್ ಬೌಲರಾಗಿದ್ದ ನಾಯಕ ಇಲ್ಲಿಂಗ್‌ವರ್ತ್ ಅವರು. ಓವಲ್ ಪಿಚ್ಚು ಸ್ಪಿನ್ನಿಗೆ ಒಲಿಯುತ್ತಿದೆಯೆಂಬ ಸುಳಿವು ಅದರಲ್ಲಿತ್ತು.

ನಾಲ್ಕನೆಯ ದಿನ, ಆಗಸ್ಟ್ 23, ಸೋಮವಾರ. ಇಂಗ್ಲೆಂಡಿನ ಎರಡನೆಯ ಇನ್ನಿಂಗ್ಸ್ ಆರಂಭವಾಯಿತು. ಅಬಿದ್ ಅಲಿ, ಸೋಲ್ಕರ್ ಇಬ್ಬರೂ ಮೂರು ಮೂರು ಓವರು ಎಸೆದು ಸರಿದರು. ಸ್ಕೋರು 23 ಆಗಿದ್ದಾಗ ಲಕ್‌ಹರ್ಸ್ಟ್ ಬಲವಾಗಿ ಹೊಡೆದ ಚೆಂಡು ಚಂದ್ರಶೇಖರ್ ಅವರ ಕೈಗೆ ತಾಗಿ ಹಾದು ಬೌಲರನ ಕಡೆಯ ವಿಕೆಟಿಗೆ ಬಡಿಯಿತು. ಗೆರೆಯಿಂದ ಹೊರಗೆ ಬಂದಿದ್ದ ಜೇಮ್‌ಸನ್ ರನ್‌ಔಟ್ ಆದರು. ಇದು ಅದೃಷ್ಟದ ವಿಕೆಟ್ ಎನ್ನಬಹುದು. ಮುಂದಿನದು ಹಾಗಲ್ಲ. ಎಡಗೈ ದಾಂಡಿಗ ಎಡ್ರಿಚ್ ಎದುರು ನಿಂತಾಗ ದಿಲೀಪ್ ಸರ್‌ದೇಸಾಯಿ ಅವರು 'ಮಿಲ್ ರೀಫ್' ಎಂದು ಕೂಗಿ ಹೇಳಿದರಂತೆ. ಮಿಲ್ ರೀಫ್ ಎಂಬುದು ಆ ವರ್ಷ ಇಂಗ್ಲೆಂಡಿನ ಡರ್ಬಿ ಪಂದ್ಯವನ್ನು ಗೆದ್ದ ಕುದುರೆಯ ಹೆಸರು. ಚಂದ್ರಶೇಖರ್ ಅವರ ಅತಿವೇಗದ ಎಸೆತಕ್ಕೆ ಗೆಳೆಯರು ಇಟ್ಟಿದ್ದ ಸಂಕೇತ. ಎಡ್ರಿಚ್ ದಾಂಡನ್ನು ಕೆಳಗಿಳಿಸುವುದರೊಳಗೆ ವಿಕೆಟ್ ಬಿದ್ದಿತ್ತು. ಮುಂದೆ ಬಂದ ಫ್ಲೆಚರ್ ತಾವೆದುರಿಸಿದ ಮೊದಲ ಎಸೆತದಲ್ಲಿಯೇ ಶಾರ್ಟ್‌ಲೆಗ್‌ನಲ್ಲಿದ್ದ ಸೋಲ್ಕರ್ ಕೈಗೆ ಕ್ಯಾಚಿತ್ತರು. ಊಟದ ವಿರಾಮಕ್ಕೆ ಇಂಗ್ಲೆಂಡ್ 3 ವಿಕೆಟಿಗೆ 24.

ವಿರಾಮದ ನಂತರ ಒಂದು ತುದಿಯಿಂದ ವೆಂಕಟರಾಘವನ್ ಅವರು ಬಿಗಿಯಾಗಿ ಬೌಲಿಂಗ್ ಮಾಡುತ್ತ ದಾಂಡಿಗರು ಸುಲಭವಾಗಿ ರನ್ನು ಗಳಿಸಲು ಬಿಡಲಿಲ್ಲ. ಅಪಾಯಕಾರಿಗಳಾದ ಡಿ'ಒಲಿವೇರಾ ಮತ್ತು ನಾಟ್ ಅವರಿಗೆ ಬಲಿಯಾದರು. ನಾಟ್ ಅವರ ಕ್ಯಾಚನ್ನು ಸೋಲ್ಕರ್ ಅವರು ಮುಂದಕ್ಕೆ ಹಾರಿ, ನೆಲಕ್ಕೆ ತೀರ ಸಮೀಪದಲ್ಲಿ ಹಿಡಿದರು. ಆ ಕ್ಯಾಚಿನ ಛಾಯಾಚಿತ್ರ ಭಾರತೀಯ ಕ್ರಿಕೆಟ್ಟಿನಲ್ಲಿ ಬಹು ಪ್ರಸಿದ್ಧವಾದುದು. ಇನ್ನೊಂದು ತುದಿಯಿಂದ ಚಂದ್ರಶೇಖರ್ ನಿಲ್ಲಲಿಲ್ಲ. ಇಲ್ಲಿಂಗ್‌ವರ್ತ್ ಮತ್ತು ಸ್ನೋ ಇಬ್ಬರನ್ನೂ ತಮ್ಮದೇ ಬೌಲಿಂಗಿನಲ್ಲಿ ಹಿಡಿದರು. ಅಷ್ಟು ಹೊತ್ತು ತಾಳಿ ನಿಂತಿದ್ದ ಲಕ್‌ಹರ್ಸ್ಟ್, ಚಂದ್ರಶೇಖರ್ ಅವರ ಎಸೆತದಲ್ಲಿ ವೆಂಕಟರಾಘವನ್ ಹಿಡಿದ ಕ್ಯಾಚಿಗೆ ಹೊರಟುಹೋದರು. ಇಂಗ್ಲೆಂಡ್ 101 ರನ್ನುಗಳಿಗೆ ಆಲ್‌ಔಟ್. ಚಂದ್ರಶೇಖರ್ ಅವರು 18.1 ಓವರುಗಳಲ್ಲಿ 38 ರನ್ನು ಕೊಟ್ಟು 6 ವಿಕೆಟ್ ಪಡೆದಿದ್ದರು.

ಆ ಇನ್ನಿಂಗ್ಸಿನ ಲೆಕ್ಕದಲ್ಲಿ ಕೌತುಕದ ಒಂದು ಸಾಲಿದೆ. ಜಗತ್ತಿನ ಶ್ರೇಷ್ಠ ಎಡಗೈ ಸ್ಪಿನ್ ಬೌಲರೆನಿಸಿದ್ದ ಬೇಡಿ ಎಸೆದದ್ದು ಒಂದೇ ಓವರು. ಅದರಲ್ಲಿಯೂ ಒಂದು ವಿಕೆಟ್ ಪಡೆದರು. ಯಾವ ದಿನ ಯಾರ ಕೈ ನಡೆಯುವುದೆಂದು ಮೊದಲೇ ಹೇಳಲಾಗದು. ಆದ್ದರಿಂದಲೇ ಒಬ್ಬರಂತೆ ಒಬ್ಬರಿಲ್ಲದ ಮೂವರನ್ನು ಆರಿಸಿದ್ದು ಫಲ ಕೊಟ್ಟಿತು.

ಗೆಲ್ಲಲು 173 ರನ್ನುಗಳು ಬೇಕಾಗಿದ್ದವು. ಗವಾಸ್ಕರ್ ಸೊನ್ನೆಗೆ ಔಟಾದರೂ ವಾಡೇಕರ್, ಸರ್‌ದೇಸಾಯಿ, ಭದ್ರಾವತಿಯ ಜಿ. ಆರ್. ವಿಶ್ವನಾಥ್ ತಾಳ್ಮೆಯಿಂದ ಆಡಿದರು. ಗಣೇಶ ಚತುರ್ಥಿಯ ಸಮಯ. ಅಭಿಮಾನಿಗಳು ಚೆಸ್ಸಿಂಗ್‌ಟನ್ ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನು ಓವಲ್ ಮೈದಾನಕ್ಕೆ ಕರೆತಂದಿದ್ದರು. ಆಗಸ್ಟ್ 24ರಂದು ಅಬಿದ್ ಅಲಿ ಚೆಂಡನ್ನು ಬೌಂಡರಿಗೆ ಅಟ್ಟಿದಾಗ ಸ್ಕೋರು 6 ವಿಕೆಟಿಗೆ 174. ಸತತ 26 ಟೆಸ್ಟ್‌ಗಳಲ್ಲಿ ಸೋಲನ್ನರಿಯದಿದ್ದ ಇಂಗ್ಲೆಂಡ್ ಸೋತಿತ್ತು. ಆ ನೆಲದಲ್ಲಿ ತನ್ನ 22ನೆಯ ಟೆಸ್ಟ್ ಆಡುತ್ತಿದ್ದ ಭಾರತವು ಮೊದಲ ಬಾರಿ ಗೆದ್ದಿತ್ತು.

ಈ ಗೆಲವನ್ನು ನೆನೆಯುವವರು 1974ರ ಪ್ರವಾಸವನ್ನೂ ಜೊತೆಗೇ ನೆನೆಯಬೇಕು. ಅದೇ ವಾಡೇಕರ್ ನಾಯಕರು. ಬೇಡಿ, ಚಂದ್ರಶೇಖರ್, ಪ್ರಸನ್ನ, ವೆಂಕಟರಾಘವನ್ ನಾಲ್ವರೂ ತಂಡದಲ್ಲಿದ್ದರು. ಬದಲಾದದ್ದು ಋತು. ಈ ಸಲ ಭಾರತದ ಟೆಸ್ಟ್‌ಗಳು ಜೂನ್ ಮೊದಲ ವಾರದಲ್ಲಿಯೇ ಆರಂಭವಾದವು. ಚಳಿ, ಮಳೆ, ತೇವ. ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 629 ರನ್ನು ಪೇರಿಸಿತು. ಬೇಡಿ 6 ವಿಕೆಟ್ ಪಡೆಯಲು 226 ರನ್ನು ತೆತ್ತರು. ಅದೇ ಪಂದ್ಯದ ಎರಡನೆಯ ಇನ್ನಿಂಗ್ಸಿನಲ್ಲಿ ಭಾರತವು 42 ರನ್ನುಗಳಿಗೆ ಆಲ್‌ಔಟ್ ಆಯಿತು. ಮೂರು ಟೆಸ್ಟ್‌ಗಳನ್ನೂ ಸೋತ ಬೌಲರುಗಳು ಮೂರು ವರ್ಷಗಳ ಹಿಂದೆ ಜಯಘೋಷ ಕೇಳಿದ್ದವರೇ.

ಓವಲ್‌ನಲ್ಲಿ ಹೊರಗೆ ಕುಳಿತಿದ್ದ ಪ್ರಸನ್ನ ಅವರ ದಿನವೂ ಬಂತು. 1976ರ ಜನವರಿಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಮೊದಲ ಇನ್ನಿಂಗ್ಸಿನಲ್ಲಿ ಚಂದ್ರಶೇಖರ್ 94 ರನ್ನಿಗೆ 6 ವಿಕೆಟ್, ಎರಡನೆಯದರಲ್ಲಿ ಪ್ರಸನ್ನ 76 ರನ್ನಿಗೆ 8 ವಿಕೆಟ್ ಪಡೆದು ಭಾರತವನ್ನು ಗೆಲ್ಲಿಸಿದರು. ಇಬ್ಬರು ಕನ್ನಡಿಗರೂ ಕೂಡಿ ಒಂದು ಟೆಸ್ಟನ್ನು ಹೀಗೆ ಹಂಚಿಕೊಂಡದ್ದು ನೆನಪಿನಲ್ಲಿಡತಕ್ಕ ಸಂಗತಿ. ಆದರೆ ಅದೇ ಪ್ರವಾಸದಲ್ಲಿ, ಕೆಲವೇ ದಿನಗಳ ನಂತರ, ವೆಲ್ಲಿಂಗ್‌ಟನ್‌ನ ಹಸಿರು ಪಿಚ್ಚಿನ ಮೇಲೆ ರಿಚರ್ಡ್ ಹ್ಯಾಡ್ಲಿಯವರು 23 ರನ್ನಿಗೆ 7 ವಿಕೆಟ್ ಕಿತ್ತು ಭಾರತವನ್ನು 81ಕ್ಕೆ ಉರುಳಿಸಿದರು. ಒಂದೇ ದೇಶದ ಎರಡು ಊರುಗಳ ನೆಲವೇ ಇಷ್ಟು ಭಿನ್ನ.

1978ರಲ್ಲಿ ಕಪಿಲ್ ದೇವ್ ಅವರು ಟೆಸ್ಟ್ ಪ್ರವೇಶ ಮಾಡಿದ ಮೇಲೆ ಹೊಸ ಚೆಂಡಿನ ಕೊರತೆ ನೀಗತೊಡಗಿತು. 1986ರಲ್ಲಿ ಇಂಗ್ಲೆಂಡಿನ ಹೆಡಿಂಗ್ಲಿ ಟೆಸ್ಟಿಗೆ ಮುನ್ನ ಚೇತನ್ ಶರ್ಮ ಗಾಯಗೊಂಡಾಗ, ಅಲ್ಲಿಯೇ ಲೀಗ್ ಕ್ರಿಕೆಟ್ ಆಡುತ್ತಿದ್ದ ಮದನ್ ಲಾಲ್ ಅವರನ್ನು ಕರೆಸಿಕೊಳ್ಳಲಾಯಿತು. ಆ ಹವೆಯೂ ನೆಲವೂ ಅವರಿಗೆ ಆಗ ಪರಕೀಯವಾಗಿರಲಿಲ್ಲ. ಮೊದಲ ಇನ್ನಿಂಗ್ಸಿನಲ್ಲಿ 18 ರನ್ನಿಗೆ 3 ವಿಕೆಟ್ ಪಡೆದರು. ಬೆಂಗಳೂರಿನ ರೋಜರ್ ಬಿನ್ನಿ 40ಕ್ಕೆ 5 ವಿಕೆಟ್ ಪಡೆದರು. ಭಾರತವು 279 ರನ್ನುಗಳಿಂದ ಗೆದ್ದಿತು. ಅದೇ ಹೆಡಿಂಗ್ಲಿಯಲ್ಲಿ 2002ರಲ್ಲಿ, ವೇಗದ ಬೌಲರುಗಳಿಗೆ ನೆರವಾಗುವ ಪಿಚ್ಚಿನ ಮೇಲೆ, ಭಾರತವು ಅನಿಲ್ ಕುಂಬ್ಳೆ ಮತ್ತು ಹರಭಜನ್ ಸಿಂಗ್ ಇಬ್ಬರು ಸ್ಪಿನ್ ಬೌಲರುಗಳನ್ನೂ ಆಡಿಸಿ ಇನ್ನಿಂಗ್ಸ್ ಅಂತರದಿಂದ ಗೆದ್ದಿತು. ಮರುವರ್ಷ ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಕುಂಬ್ಳೆಯವರಿಗೆ ತಂಡದಲ್ಲಿ ಸ್ಥಾನವಿರಲಿಲ್ಲ. ಹರಭಜನ್ ಗಾಯಗೊಂಡದ್ದರಿಂದ ಅಡಿಲೇಡ್‌ನಲ್ಲಿ ಅವಕಾಶ ದೊರೆತು, ಮೂರೇ ಟೆಸ್ಟ್‌ಗಳಲ್ಲಿ ಅವರು 24 ವಿಕೆಟ್ ಗಳಿಸಿದರು.

2021ರ ಜೂನ್ ತಿಂಗಳಲ್ಲಿ ಸೌತಾಂಪ್ಟನ್‌ನಲ್ಲಿ ನಡೆದ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯಕ್ಕೆ ಭಾರತವು ಹಿಂದಿನ ದಿನವೇ ಹನ್ನೊಂದು ಮಂದಿಯ ಹೆಸರನ್ನು ಪ್ರಕಟಿಸಿತು. ಅವರಲ್ಲಿ ಅಶ್ವಿನ್, ಜಡೇಜ ಇಬ್ಬರು ಸ್ಪಿನ್ ಬೌಲರುಗಳಿದ್ದರು. ಮೊದಲ ದಿನವೆಲ್ಲ ಮಳೆ ಸುರಿದು ನಾಣ್ಯ ಚಿಮ್ಮುವುದೇ ಮರುದಿನಕ್ಕೆ ಹೋಯಿತು. ಪಟ್ಟಿಯನ್ನು ಬದಲಾಯಿಸಲು ಅವಕಾಶವಿದ್ದರೂ ಬದಲಾಯಿಸಲಿಲ್ಲ. ನ್ಯೂಜಿಲೆಂಡ್ ಎಂಟು ವಿಕೆಟ್‌ಗಳಿಂದ ಗೆದ್ದಿತು. ಅದೇ ಬೇಸಗೆಯ ಸೆಪ್ಟೆಂಬರಿನಲ್ಲಿ ಓವಲ್‌ನಲ್ಲಿ, ಅಶ್ವಿನ್ ಅವರನ್ನು ಹೊರಗಿಟ್ಟು ನಾಲ್ವರು ವೇಗದ ಬೌಲರುಗಳೊಡನೆ ಆಡಿದ ಭಾರತವು, ಆ ಮೈದಾನದಲ್ಲಿ 1971ರ ನಂತರದ ತನ್ನ ಮೊದಲ ಗೆಲವನ್ನು ಕಂಡಿತು.

2025ರ ಬೇಸಗೆಯಲ್ಲಿ ಐದು ಟೆಸ್ಟ್‌ಗಳ ಸರಣಿಯ ಕೊನೆಯ ಪಂದ್ಯ ಮತ್ತೆ ಓವಲ್‌ನಲ್ಲಿ ನಡೆಯಿತು. ಎಡಗೈ ಮಣಿಕಟ್ಟಿನ ಸ್ಪಿನ್ ಬೌಲರಾದ ಕುಲದೀಪ್ ಯಾದವ್ ಅವರು ಪ್ರವಾಸದುದ್ದಕ್ಕೂ ತಂಡದೊಡನಿದ್ದರು; ಐದು ಟೆಸ್ಟ್‌ಗಳಲ್ಲಿ ಒಂದರಲ್ಲಿಯೂ ಅವರ ಹೆಸರು ಹನ್ನೊಂದರ ಪಟ್ಟಿಗೆ ಬರಲಿಲ್ಲ. ಆಗಸ್ಟ್ 4ರ ಬೆಳಿಗ್ಗೆ ಇಂಗ್ಲೆಂಡಿಗೆ 35 ರನ್ನುಗಳು ಬೇಕಾಗಿದ್ದವು, ನಾಲ್ಕು ವಿಕೆಟ್‌ಗಳು ಉಳಿದಿದ್ದವು. ಹೈದರಾಬಾದಿನ ಮೊಹಮ್ಮದ್ ಸಿರಾಜ್ ಮತ್ತು ಬೆಂಗಳೂರಿನ ಪ್ರಸಿದ್ಧ ಕೃಷ್ಣ ಅವರು ಆ ನಾಲ್ಕನ್ನೂ ಕಿತ್ತು 6 ರನ್ನುಗಳ ಗೆಲವನ್ನು ತಂದರು. ಸಿರಾಜ್ ಅವರಿಗೆ ಐದು, ಪ್ರಸಿದ್ಧ ಅವರಿಗೆ ನಾಲ್ಕು, ಆಕಾಶ್ ದೀಪ್ ಅವರಿಗೆ ಒಂದು: ಎರಡನೆಯ ಇನ್ನಿಂಗ್ಸಿನ ಹತ್ತು ವಿಕೆಟ್‌ಗಳೂ ವೇಗದ ಬೌಲರುಗಳ ಪಾಲಾಗಿದ್ದವು. ಐವತ್ತನಾಲ್ಕು ವರ್ಷಗಳ ಹಿಂದೆ ಅದೇ ಮೈದಾನದಲ್ಲಿ, ಇಂಗ್ಲೆಂಡಿನ ಎರಡನೆಯ ಇನ್ನಿಂಗ್ಸಿನಲ್ಲಿ, ಒಂದು ರನ್‌ಔಟನ್ನು ಬಿಟ್ಟರೆ ಉಳಿದ ಒಂಬತ್ತು ವಿಕೆಟ್‌ಗಳನ್ನೂ ಸ್ಪಿನ್ ಬೌಲರುಗಳು ಪಡೆದಿದ್ದರು.